ಪುಣೆಗೆ ಬಂದ ಮೇಲೆ ಓಟ ನಿಂತೇ ಹೋಗಿದೆ. ಕೋಥ್ರೂಡ್ ಹತ್ತಿರ ಓಡೋಕೆ ಜಾಗ ಹೇಳ್ತೀರಾ?

ಕೆಲಗೇರಿ ಕೆರೆ · ಜೂನ್ 8, ರಾತ್ರಿ 10.50

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು. ಮಾರ್ಚ್ ಕೊನೆಗೆ ಪುಣೆಗೆ ಬಂದೆವು. ನಾನು, ಮನೆಯವರು, ಆರು ವರ್ಷದ ಮಗ. ಮನೆ ಕೋಥ್ರೂಡ್‌ನಲ್ಲಿ, ಕೆಲಸ ಹಿಂಜವಡಿಯಲ್ಲಿ. ಕಂಪನಿ ಬಸ್ಸು ಬೆಳಗ್ಗೆ ಏಳೂವರೆಗೆ. ಸಂಜೆ ಮನೆ ಮುಟ್ಟುವಷ್ಟರಲ್ಲಿ ಎಂಟು ದಾಟಿರುತ್ತದೆ.

ಧಾರವಾಡದಲ್ಲಿ ಆರು ವರ್ಷ ಓಡಿದ್ದೇನೆ. ದೊಡ್ಡ ಓಟಗಾರ್ತಿ ಏನಲ್ಲ. ವಾರಕ್ಕೆ ನಾಲ್ಕು ದಿನ ಕರ್ನಾಟಕ ವಿಶ್ವವಿದ್ಯಾಲಯದ ಕ್ಯಾಂಪಸ್ ಒಳಗೆ ಐದು ಕಿ.ಮೀ. ಭಾನುವಾರ ಕೆಲಗೇರಿ ಕೆರೆ ಕಡೆ ಎಂಟೋ ಹತ್ತೋ. ಎರಡು ಸಲ ಹಾಫ್ ಮ್ಯಾರಥಾನ್ (21 ಕಿ.ಮೀ.) ಮುಗಿಸಿದ್ದೇನೆ, ಚೆನ್ನಾಗಿ ಓಡಿದ ಸಲ 2 ಗಂಟೆ 31 ನಿಮಿಷ. ಅಲಾರಂ ಬೇಕಾಗುತ್ತಿರಲಿಲ್ಲ. ಗೇಟಿನ ಹತ್ತಿರ ಹಾಲಿನವನು ನಿಂತಿರುತ್ತಿದ್ದ. ಸ್ವಲ್ಪ ತಡವಾದರೆ "ಇವತ್ತು ಐದು ಮಿನಿಟ್ ಲೇಟ್ ಆತಲ್ರೀ ಅಕ್ಕಾರ" ಅನ್ನುತ್ತಿದ್ದ.

ಇಲ್ಲಿಗೆ ಬಂದ ಮೇಲೆ ಎರಡೂವರೆ ತಿಂಗಳಲ್ಲಿ ಓಡಿದ್ದು ಒಂಬತ್ತೇ ಸಲ. ಪೌಡ್ ರಸ್ತೆಯಲ್ಲಿ ಶುರು ಮಾಡಿದೆ. ಫುಟ್‌ಪಾತ್ ಇರುವ ಕಡೆ ಸ್ಕೂಟರ್ ನಿಂತಿರುತ್ತದೆ, ಇಲ್ಲದ ಕಡೆ ಬಸ್ಸು ಮೈಮೇಲೆ ಬಂದ ಹಾಗೆ ಬರುತ್ತದೆ. ಒಂದು ದಿನ ಗಲ್ಲಿಯೊಳಗೆ ನಾಲ್ಕು ನಾಯಿ ಅಟ್ಟಿಸಿಕೊಂಡು ಬಂದವು. ಆಮೇಲೆ ಹತ್ತಿರದ ಒಂದು ಜಿಮ್‌ಗೆ ಹೋದೆ. ತಿಂಗಳ ಲೆಕ್ಕ ಇಲ್ಲ ಅಂತ ಹೇಳಿ ವರ್ಷದ ದುಡ್ಡು ಒಟ್ಟಿಗೇ ಕಟ್ಟಿಸಿಕೊಂಡರು. ಟ್ರೆಡ್‌ಮಿಲ್ ಎದುರಿಗೆ ಗೋಡೆ. ಹನ್ನೊಂದು ದಿನ ಹೋದೆ.

ಈಗ ನನ್ನ ಓಟದ ಶೂ ಒಳಗೆ ಮಗ ಆಟದ ಕಾರು ನಿಲ್ಲಿಸುತ್ತಾನೆ. ಎಡಗಾಲಿನದು ಟ್ರಕ್ಕಿಗೆ, ಬಲಗಾಲಿನದು ಕಾರುಗಳಿಗೆ.

ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಸಪಾಟಾಗಿ, ಗಾಡಿ ಇಲ್ಲದ ಐದು ಕಿ.ಮೀ. ದಾರಿ ಯಾರಿಗಾದರೂ ಗೊತ್ತಾ?

ಮಂಡ್ಯ ಟು ಮಗರಪಟ್ಟಾ · ಜೂನ್ 8, ರಾತ್ರಿ 11.15

ಅಕ್ಕ, ನನ್ನ ಕಥೆಯನ್ನೇ ಬೇರೆ ಯಾರೋ ಬರೆದ ಹಾಗಿದೆ. ನಾನು ಎರಡು ವರ್ಷ ಓಡಲೇ ಇಲ್ಲ, ಒಂಬತ್ತು ಕೆ.ಜಿ. ಬಂತು. ಈಗ ಮಗರಪಟ್ಟಾ ಒಳಗಿನ ರಸ್ತೆಯಲ್ಲೇ ಸುತ್ತು ಹಾಕುತ್ತೇನೆ. ನಿಮಗೆ ಅದು ಉಪಯೋಗ ಇಲ್ಲ. ಕೋಥ್ರೂಡ್‌ನಿಂದ ಇಲ್ಲಿಗೆ ಬರುವಷ್ಟರಲ್ಲಿ ಅರ್ಧ ಧಾರವಾಡ ದಾರಿ ಸವೆದಿರುತ್ತದೆ.

ಓಟ ದಾಖಲಿಸುವ ಸ್ಟ್ರಾವಾ ಆ್ಯಪ್‌ನಲ್ಲಿ ಹೀಟ್‌ಮ್ಯಾಪ್ ನೋಡಿ. ಜನ ಜಾಸ್ತಿ ಓಡುವ ದಾರಿ ದಪ್ಪಗೆ ಹೊಳೆಯುತ್ತದೆ. ಹಾಗೇ ಸೆಟ್ಟಿಂಗ್‌ನಲ್ಲಿ ಮನೆ ಹತ್ತಿರದ ಗೆರೆ ಬೇರೆಯವರಿಗೆ ಕಾಣದಂತೆ ಮಾಡಿಕೊಳ್ಳಿ. ಇಲ್ಲದಿದ್ದರೆ ಎಷ್ಟು ಹೊತ್ತಿಗೆ ಯಾವ ಗೇಟಿಂದ ಹೊರಡುತ್ತೀರಿ ಅಂತ ಊರಿಗೆಲ್ಲ ಗೊತ್ತಾಗುತ್ತದೆ.

ಸಾದಾ ಮಾತು · ಜೂನ್ 9, ಬೆಳಗ್ಗೆ 7.02

ವರ್ಷದ ದುಡ್ಡು ಕಟ್ಟಿದ್ದೀರಿ, ಟ್ರೆಡ್‌ಮಿಲ್ ಮೇಲೆ ಓಡಿ. ಗೋಡೆ ನೋಡೋಕೆ ಬೇಜಾರಾದರೆ ಕಿವಿಗೆ ಹಾಡು ಹಾಕಿಕೊಳ್ಳಿ. ಕಾಲಿಗೆ ಗೋಡೆಯೂ ಒಂದೇ, ಕೆರೆಯೂ ಒಂದೇ.

ಕೋಥ್ರೂಡ್ ಕಾಕಾ · ಜೂನ್ 9, ಬೆಳಗ್ಗೆ 9.20

ನೋಡವ್ವಾ ತಂಗಿ, ನೀನು ಅಂತಲೇ ಬರೆಯುತ್ತೇನೆ, ನನ್ನ ಮಗಳ ವಾರಿಗೆಯವಳು. ನಾನು ವಿಜಯಪುರದವನು. 1993ರಲ್ಲಿ ಬ್ಯಾಂಕಿನವರು ಪುಣೆಗೆ ವರ್ಗ ಮಾಡಿದರು, ಇಲ್ಲೇ ಬೇರು ಬಿಟ್ಟೆ. ಈಗ ರಿಟೈರ್ ಆಗಿದ್ದೇನೆ. ಓಡುವುದು ಬಿಟ್ಟು ಹತ್ತು ವರ್ಷ ಆಯಿತು. ನಡೆಯುತ್ತೇನೆ.

ಕೋಥ್ರೂಡ್‌ನಲ್ಲಿ ಇದ್ದುಕೊಂಡು ಪೌಡ್ ರಸ್ತೆಯಲ್ಲಿ ಓಡುತ್ತೀಯಾ? ಹಿತ್ತಲಲ್ಲಿ ಬಾವಿ ಇಟ್ಟುಕೊಂಡು ಟ್ಯಾಂಕರಿಗೆ ಫೋನ್ ಮಾಡಿದ ಹಾಗಾಯಿತು. ನಿನ್ನ ಬೆನ್ನ ಹಿಂದೆಯೇ ವೇತಾಳ ಟೇಕಡಿ ಇದೆ. ಟೇಕಡಿ ಅಂದರೆ ನಮ್ಮ ಗುಡ್ಡ. ಪುಣೆ ಊರೊಳಗಿನ ಗುಡ್ಡಗಳಲ್ಲಿ ಇದೇ ಎತ್ತರದ್ದು, ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್. ಊರು ಇರುವುದು ಸುಮಾರು 560ರಲ್ಲಿ. ಮೇಲೆ ವೇತಾಳನ ಗುಡಿ, ಒಂದು ಹಳೆಯ ಕಲ್ಲಿನ ಕ್ವಾರಿ, ಗೊಬ್ಬರದ ಗಿಡದ ಕಾಡು, ನವಿಲು. ಪಾಷಾಣ, ಗೋಖಲೆನಗರ, ಲಾ ಕಾಲೇಜು ರಸ್ತೆ, ಎಲ್ಲ ಕಡೆಯಿಂದಲೂ ಜನ ಹತ್ತುತ್ತಾರೆ. ನಿನಗೆ ಮಹಾತ್ಮಾ ಸೊಸೈಟಿ ಕಡೆಯ ದಾರಿ ಹತ್ತಿರ. ಮೊದಲು ಒಂದಷ್ಟು ಕಡಿದಾದ ಏರು, ಆಮೇಲೆ ಮೇಲೆ ಸಾಕಷ್ಟು ಬಯಲು. ಈ ಗುಡ್ಡದ ಮೇಲೆ ಊರಿನವರಿಗೆ ಎಷ್ಟು ಪ್ರೀತಿ ಅಂದರೆ, ಬಾಲಭಾರತಿಯಿಂದ ಪೌಡ್ ಫಾಟಾಕ್ಕೆ ಈ ಗುಡ್ಡದ ಮೂಲಕ ರಸ್ತೆ ಮಾಡುತ್ತೇವೆ ಅಂತ ಪಾಲಿಕೆಯವರು ಹೊರಟಾಗ 2023ರಲ್ಲಿ ಜನ ಬೀದಿಗೆ ಇಳಿದು ಮೆರವಣಿಗೆ ಮಾಡಿದರು. ನಾನೂ ಹೋಗಿದ್ದೆ, ಮೊಣಕಾಲು ನೋವು ಇಟ್ಟುಕೊಂಡು.

ಸಪಾಟು ಬೇಕು ಅಂದೆಯಲ್ಲ, ಪುಣೆಯಲ್ಲಿ ಸಪಾಟು ಕೇಳಬೇಡ. ಕ್ಯಾಂಪ್ ಕಡೆಯವರಿಗೆ ರೇಸ್ ಕೋರ್ಸ್ ಇದೆ, ಔಂಧ್ ಕಡೆಯವರಿಗೆ ಯೂನಿವರ್ಸಿಟಿ ಕ್ಯಾಂಪಸ್ ಇದೆ. ಸಹಕಾರನಗರದವರು ತಳಜಾಯಿಗೆ ಹೋಗುತ್ತಾರೆ. ಏಳೂವರೆ ಬಸ್ಸು ಹಿಡಿಯುವವಳಿಗೆ ಅವೆಲ್ಲ ಆಗುವ ಮಾತಲ್ಲ.

ಇನ್ನೊಂದು ಮಾತು. ನೀನು ಜಾಗ ಕೇಳುತ್ತಿದ್ದೀಯ. ಆರು ವರ್ಷ ನಿನ್ನನ್ನು ಎಬ್ಬಿಸಿದ್ದು ಕ್ಯಾಂಪಸ್ಸಿನ ರಸ್ತೆ ಅಂದುಕೊಂಡಿದ್ದೀಯಾ? ಆ ಹಾಲಿನವನು ಎಬ್ಬಿಸಿದ್ದು. ಅವನು ಇಲ್ಲಿಲ್ಲ. ಅದಕ್ಕೇ ಎಚ್ಚರವಾದರೂ ಹಾಸಿಗೆ ಬಿಡಲು ಮನಸ್ಸಿಲ್ಲ. ಒಂದು ಹೊತ್ತು ಹಿಡಿ. 5.50 ಅಂದರೆ 5.50. ಅದೇ ದಾರಿ, ಅದೇ ಕಲ್ಲು ಮುಟ್ಟಿ ವಾಪಸ್ ಬಾ. ಮೂರು ವಾರ ಓಡಲೇಬೇಡ, ನಡೆ. ಹದಿನೈದು ದಿನದಲ್ಲಿ ಯಾರಾದರೂ ನಿನ್ನ ಮುಖ ನೋಡಿ ತಲೆ ಆಡಿಸದಿದ್ದರೆ ನನ್ನನ್ನು ಕೇಳು.

ಕೆಲಗೇರಿ ಕೆರೆ · ಜೂನ್ 9, ರಾತ್ರಿ 9.40

ಕಾಕಾ, ಬೈದ ಹಾಗೆ ಬರೆದರೂ ಬೈದಿದ್ದು ಅನ್ನಿಸಲಿಲ್ಲ. ನಮ್ಮ ಅಡುಗೆಮನೆ ಕಿಟಕಿಯಿಂದ ಆ ಗುಡ್ಡ ಕಾಣುತ್ತದೆ. ಅದು ಯಾರದೋ ಕಾಯ್ದಿಟ್ಟ ಕಾಡು, ಒಳಗೆ ಬಿಡುವುದಿಲ್ಲ ಅಂದುಕೊಂಡಿದ್ದೆ. ಕೇಳಿದರೆ ಮನೆಯವರು "ನಾನೂ ಹಂಗೇ ಅನ್ಕೊಂಡಿದ್ದೆ" ಅಂದರು. ಎರಡೂವರೆ ತಿಂಗಳು!

ನಾಳೆಯಿಂದ ಮನೆಯವರು ಮಗನನ್ನು ನೋಡಿಕೊಳ್ಳುತ್ತಾರೆ, ನನಗೆ 5.50ರಿಂದ 6.50. ಒಬ್ಬಳೇ ಹೋಗಬಹುದಾ ಅನ್ನೋದೊಂದೇ ಯೋಚನೆ.

5.12ರ ಲೋಕಲ್ · ಜೂನ್ 10, ಮಧ್ಯಾಹ್ನ 3.30

ಪುಣೆಯವರ ಮಧ್ಯೆ ಮುಂಬಯಿಯವನು ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಕುಂದಾಪುರದವನು. ಡೊಂಬಿವಲಿಯಲ್ಲಿ ಮನೆ, ಮಾಟುಂಗಾದಲ್ಲಿ ಒಂದು ಹೋಟೆಲಿನ ಲೆಕ್ಕ ನೋಡಿಕೊಳ್ಳುತ್ತೇನೆ. ನಿಮಗೆ ಗುಡ್ಡ ಇದೆ. ನನಗೆ ಮನೆ ಹತ್ತಿರ ರಿಕ್ಷಾ ಸ್ಟ್ಯಾಂಡ್ ಇದೆ.

ಬಂದ ಹೊಸತರಲ್ಲಿ ಮೂರು ತಿಂಗಳು ನಾನೂ ಸುಮ್ನೆ ಇದ್ದೆ. ಆಮೇಲೆ ಲೆಕ್ಕ ಹಾಕಿದೆ. ಹೋಟೆಲಿಗೆ ಏಳೂವರೆಗೆ ಹೋಗಬೇಕು, 6.15ಕ್ಕೆ ಮಾಟುಂಗಾದಲ್ಲಿ ಇಳಿದರೆ ಒಂದು ಗಂಟೆ ಸಿಗುತ್ತದೆ. ಮನೆ ಹತ್ತಿರ ಓಡಲು ಆಗದಿದ್ದರೆ ಕೆಲಸದ ಹತ್ತಿರ ಓಡುವುದು. ಫೈವ್ ಗಾರ್ಡನ್ಸ್ ಸುತ್ತ ದೊಡ್ಡ ದೊಡ್ಡ ಮರ, ಆ ಹೊತ್ತಿಗೆ ಗಾಡಿ ಕಡಿಮೆ. ಬ್ಯಾಗು ಎಲ್ಲಿ ಇಡೋದು ಅನ್ನೋದೇ ದೊಡ್ಡ ಸಮಸ್ಯೆ ಆಗಿತ್ತು. ಸ್ಟೇಷನ್ ಹತ್ತಿರದ ಮಲ್ಲಿಗೆ ಅಂಗಡಿಯ ಅಮ್ಮ ಒಂದು ದಿನ ತಾನೇ ಕರೆದು "ಇಲ್ಲಿ ಇಟ್ಟು ಹೋಗಪ್ಪ" ಅಂದರು, ತಮಿಳಿನಲ್ಲಿ. ಈಗ ನಾಲ್ಕು ವರ್ಷ ಆಯಿತು. ಬ್ಯಾಗು ವಾಪಸ್ ತಗೊಳ್ಳುವಾಗ ಟಿಫಿನ್ ಡಬ್ಬಿಗೂ ಮಲ್ಲಿಗೆ ವಾಸನೆ.

ಕಾಕಾ ಹೇಳಿದ್ದು ನೂರಕ್ಕೆ ನೂರು ಸರಿ. ರಜೆ ಇಲ್ಲದ ದಿನ ನಾನು ಹೋಗದಿದ್ದರೆ ಆ ಅಮ್ಮನಿಗೆ ಮರುದಿನ ಉತ್ತರ ಕೊಡಬೇಕು.

ಹೊಸಬರಿಗೆ ಒಂದು ಮಾತು. ಊರು ಬದಲಾದರೆ ಹಳೆಯ ಟೈಮಿಂಗ್ ಮರೆತುಬಿಡಿ. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗೋದು. ಮುಂಬಯಿ ಗಾಳಿಯಲ್ಲಿ ನೀರೇ ತುಂಬಿರುವಾಗ ಅದು ಆರುವುದಿಲ್ಲ, ಸುಮ್ನೆ ಇಳಿದು ಹೋಗುತ್ತದೆ. ಎದೆ ಬಡಿತ ಏರುತ್ತದೆ, ಕಾಲು ನಿಧಾನವಾಗುತ್ತದೆ. ನನಗೆ ಕಿ.ಮೀ.ಗೆ ಒಂದು ನಿಮಿಷ ಜಾಸ್ತಿ ಹಿಡಿಯಿತು, ಕಾಯಿಲೆ ಬಂತೇನೋ ಅಂತ ಹೆದರಿದ್ದೆ. ಸೆಕೆಗೆ ಮೈ ಒಗ್ಗೋದಕ್ಕೆ ಹತ್ತು–ಹದಿನಾಲ್ಕು ದಿನ ಬೇಕು. ಆವರೆಗೆ ಗಡಿಯಾರ ಮನೆಯಲ್ಲೇ ಬಿಟ್ಟು ಹೋಗಿ.

ಯಾವತ್ತಾದರೂ ಜನವರಿಯಲ್ಲಿ ಇಲ್ಲಿಗೆ ಬನ್ನಿ ಅಕ್ಕ. ಮುಂಬಯಿ ಮ್ಯಾರಥಾನ್ 2004ರಿಂದ ನಡೆಯುತ್ತಿದೆ, ಜನವರಿಯ ಮೂರನೇ ಭಾನುವಾರ. ಬಾಂದ್ರಾ–ವರ್ಲಿ ಸೀ ಲಿಂಕ್ ಮೇಲೆ ಕಾಲ್ನಡಿಗೆಯಲ್ಲಿ ಹೋಗಲು ಬೇರೆ ದಿನ ಬಿಡೋದಿಲ್ಲ. ಕೊನೆಯಲ್ಲಿ ಪೆಡ್ಡರ್ ರೋಡ್ ಏರು ಬಂದಾಗ ನಿಮ್ಮ ಗುಡ್ಡ ನೆನಪಾಗುತ್ತದೆ.

ಸಾದಾ ಮಾತು · ಜೂನ್ 10, ಸಂಜೆ 6.11

ಹಾಲಿನವನು, ಹೂವಿನವಳು ಅಂತ ಕಾಯುತ್ತಾ ಕೂತರೆ ಓಡಿದ ಹಾಗೇ. ದುಡ್ಡು ಕೊಟ್ಟು ಒಂದು ರನ್ನಿಂಗ್ ಗ್ರೂಪ್ ಸೇರಿ. ಕೋಚ್ ಇರುತ್ತಾರೆ, ವಾರದ ಪಟ್ಟಿ ಕೊಡುತ್ತಾರೆ, ಡಿಸೆಂಬರ್‌ನಲ್ಲಿ ಪುಣೆ ಮ್ಯಾರಥಾನ್‌ಗೆ ಹೆಸರು ಕೊಡಿ. 1983ರಿಂದ ನಡೆಯುತ್ತಿರುವ ಓಟ ಅದು. ಗುರಿ ಇದ್ದರೆ ಕಾಲು ತಾನೇ ಏಳುತ್ತದೆ.

ಔಂಧ್ ಅಕ್ಕ · ಜೂನ್ 10, ರಾತ್ರಿ 10.05

ಸಾದಾ ಮಾತು ಅವರೇ, ಗ್ರೂಪ್ ಕೆಟ್ಟದ್ದಲ್ಲ. ನಾನು ಎರಡು ವರ್ಷ ಇದ್ದೆ, ಒಂದು ಹಾಫ್ ಅಲ್ಲಿಂದಲೇ ಓಡಿದೆ. ಆದರೆ ಮೊದಲ ತಿಂಗಳು ಅಳು ಬರುತ್ತಿತ್ತು. ಇಪ್ಪತ್ತು ಜನ ಮರಾಠಿಯಲ್ಲಿ ನಗುತ್ತಾ ಮುಂದೆ ಓಡುತ್ತಾರೆ, ನಾನು ಹಿಂದೆ ಒಬ್ಬಳೇ, ಯಾವ ಜೋಕಿಗೆ ನಗಬೇಕು ಅಂತ ಗೊತ್ತಿಲ್ಲ. ಯಾರೂ ಕೆಟ್ಟವರಲ್ಲ. ಅವರಿಗೆ ನಾನು ಇದ್ದೇನೆ ಅನ್ನೋದೇ ಗೊತ್ತಿರಲಿಲ್ಲ ಅಷ್ಟೆ. ಹೊಸ ಊರಲ್ಲಿ ಮೊದಲೇ ಗ್ರೂಪ್‌ಗೆ ಹೋಗಿ ಬಿದ್ದರೆ ಒಬ್ಬಂಟಿತನ ಜಾಸ್ತಿ ಆಗುವುದೂ ಉಂಟು. ನನಗೆ ಆಯಿತು.

ಕೆಲಗೇರಿ ಅವರೇ, ಒಬ್ಬಳೇ ಹೋಗಬಹುದಾ ಅಂದಿರಲ್ಲ. ಬೆಳಗ್ಗೆ ಬೆಳಕು ಹರಿದ ಮೇಲೆ ಮುಖ್ಯ ದಾರಿಯಲ್ಲಿ ಹೆಂಗಸರು ತುಂಬಾ ಜನ ಬರುತ್ತಾರೆ. ಕ್ವಾರಿ ಹಿಂದಿನ ಕಾಲುದಾರಿ, ಪೊದೆ ಒಳಗಿನ ದಾರಿ ಬೇಡ. ಸಂಜೆ ಕತ್ತಲಾದ ಮೇಲೆ ಯಾವ ಟೇಕಡಿಯೂ ಬೇಡ, ಗಂಡಸರಿಗೂ ಬೇಡ. ಎರಡೂ ಕಿವಿಗೆ ಇಯರ್‌ಫೋನ್ ಹಾಕಬೇಡಿ.

ಈಗ ಜೂನ್, ಸೂರ್ಯ ಆರಕ್ಕೇ ಬರುತ್ತಾನೆ, ನಿಮ್ಮ 5.50 ಸರಿ ಹೋಗುತ್ತದೆ. ಜನವರಿಯಲ್ಲಿ ಏಳು ದಾಟುತ್ತದೆ. ಆಗ ಏಳೂವರೆ ಬಸ್ಸಿನವರಿಗೆ ಗುಡ್ಡ ಸಿಗುವುದು ಶನಿವಾರ, ಭಾನುವಾರ ಮಾತ್ರ. ಅದನ್ನು ಈಗಲೇ ಯೋಚನೆ ಮಾಡಿಡಿ. ನಾನು ಮೊದಲ ಚಳಿಗಾಲದಲ್ಲಿ ಬಿಟ್ಟವಳು ಹೋಳಿವರೆಗೂ ಎದ್ದಿರಲಿಲ್ಲ.

ಕೆಲಗೇರಿ ಕೆರೆ · ಜೂನ್ 25, ರಾತ್ರಿ 9.15

ವರದಿ ಒಪ್ಪಿಸುತ್ತಿದ್ದೇನೆ. ಹದಿನೈದು ದಿನದಲ್ಲಿ ಹನ್ನೊಂದು ದಿನ ಗುಡ್ಡ ಹತ್ತಿದೆ.

ಕಾಕಾ ಮೂರು ವಾರ ನಡೆ ಅಂದಿದ್ದರು. ನಾನು ಐದು ದಿನ ನಡೆದೆ. ಆರನೇ ದಿನ ಮೇಲಿನ ಬಯಲು ನೋಡಿ ಕಾಲು ಕೇಳಲಿಲ್ಲ, ಓಡಿಬಿಟ್ಟೆ. ಮಳೆ ಬಿದ್ದು ಒಂದು ದಿನ ಆಗಿತ್ತು, ಮಣ್ಣು ಮೆತ್ತಗಿತ್ತು, ನವಿಲು ಎಲ್ಲೋ ಕೂಗುತ್ತಿತ್ತು. ಏನು ಖುಷಿ ಅಂತೀರಿ! ಇಳಿಯುವಾಗಲೂ ಓಡಿದೆ. ಅಲ್ಲೇ ತಪ್ಪಾಗಿದ್ದು. ದಾರಿಯಲ್ಲಿ ಸಣ್ಣ ಗರಸು, ಕಾಲಿಟ್ಟರೆ ಗೋಲಿ ಹಾಗೆ ಉರುಳುತ್ತದೆ. ಬೀಳಬಾರದು ಅಂತ ಪ್ರತಿ ಹೆಜ್ಜೆಗೂ ಬ್ರೇಕ್ ಹಾಕುತ್ತಾ ಇಳಿದೆ. ಹಾಗೇ ನಾಲ್ಕು ದಿನ ಮಾಡಿದೆ.

ಈಗ ಬಲಗಾಲು, ಮೊಣಕಾಲ ಕೆಳಗೆ ಮುಂಭಾಗದ ಎಲುಬಿನ ಒಳ ಅಂಚು ಉದ್ದಕ್ಕೂ ನೋಯುತ್ತದೆ. ಓಡಲು ಶುರು ಮಾಡಿದಾಗ ಜಾಸ್ತಿ, ಆಮೇಲೆ ಕಡಿಮೆ, ಮರುದಿನ ಬೆಳಗ್ಗೆ ಹಾಸಿಗೆ ಇಳಿದಾಗ ಮತ್ತೆ. ಆರು ವರ್ಷದಲ್ಲಿ ಹೀಗಾಗಿರಲಿಲ್ಲ. ಈ ಊರಿನ ನೆಲವೇ ನನಗೆ ಆಗಿಬರುತ್ತಿಲ್ಲವಾ?

ಇನ್ನೊಂದು ವಿಷಯ. ಏರು ಮುಗಿಯುವ ಕಡೆ ಒಂದು ಕಟ್ಟಾ ಇದೆ. ಕಟ್ಟಾ ಅಂದರೆ ನಮ್ಮ ಕಟ್ಟೆಯೇ. ಅಲ್ಲಿ ನಾಲ್ಕು ಜನ ಅಜ್ಜಂದಿರು ಕೂರುತ್ತಾರೆ. ಒಬ್ಬರು ಈ ಸೆಕೆಯಲ್ಲೂ ಮಂಕಿ ಟೋಪಿ ಹಾಕುತ್ತಾರೆ. ಹನ್ನೊಂದು ದಿನ ಆಯಿತು, ಯಾರೂ ತಲೆ ಆಡಿಸಿಲ್ಲ. ಕಾಕಾ, ಕೇಳುತ್ತಿದ್ದೇನೆ.

ಕೋಥ್ರೂಡ್ ಕಾಕಾ · ಜೂನ್ 25, ರಾತ್ರಿ 9.50

ಮೂರು ವಾರ ಅಂದರೆ ಐದು ದಿನ ಅಂತ ಯಾವ ಶಾಲೆಯಲ್ಲಿ ಕಲಿಸಿದರು? ಪುಣೆಯವರು ತಲೆ ಆಡಿಸುವುದಕ್ಕೂ ಹೊತ್ತು ನೋಡುತ್ತಾರೆ. ಕಾಯಿ.

ಫಿಸಿಯೋ ಹುಬ್ಬಳ್ಳಿ · ಜೂನ್ 26, ಬೆಳಗ್ಗೆ 8.30

ನೆಲದ ತಪ್ಪಲ್ಲ ಮೇಡಂ. ಎರಡೂವರೆ ತಿಂಗಳು ಖಾಲಿ ಕೂತ ಕಾಲಿಗೆ ಒಮ್ಮೆಲೇ ಇಳಿಜಾರು ಕೊಟ್ಟಿದ್ದೀರಿ. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಿಡಿಯಬೇಕು. ಹತ್ತುವುದಕ್ಕಿಂತ ಅದರಲ್ಲಿ ಪೆಟ್ಟು ಜಾಸ್ತಿ. ಏದುಸಿರು ಬರೋದಿಲ್ಲ, ಹಾಗಾಗಿ ನಮಗೆ ಗೊತ್ತಾಗೋದಿಲ್ಲ.

ಒಂದು ಪರೀಕ್ಷೆ ಮಾಡಿಕೊಳ್ಳಿ. ಎಲುಬಿನ ಅಂಚನ್ನು ಬೆರಳಿನಿಂದ ಒತ್ತುತ್ತಾ ಹೋಗಿ. ನಾಲ್ಕೈದು ಬೆರಳಿನಷ್ಟು ಉದ್ದಕ್ಕೆ ಹರಡಿಕೊಂಡು ನೋವಿದ್ದರೆ ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್, ಅಂದರೆ ಸ್ನಾಯು ಎಲುಬಿಗೆ ಅಂಟಿದ ಜಾಗ ದಣಿದು ಕೆರಳಿದ್ದು. ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸುವ ಹಾಗೆ ನೋವಿದ್ದು, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಎಲುಬಿನಲ್ಲಿ ಸಣ್ಣ ಬಿರುಕು ಇರಬಹುದು. ಆಗ ಇಲ್ಲಿ ಕೇಳುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಮೊದಲನೆಯದೇ ಆದರೆ ಓಟ ನಿಲ್ಲಿಸಿ, ಗುಡ್ಡ ನಿಲ್ಲಿಸಬೇಡಿ. ನೋವಿಲ್ಲದಷ್ಟು ನಡೆಯಿರಿ. ದಿನಾ ಅಡುಗೆಮನೆ ಕಟ್ಟೆ ಹಿಡಿದು ನಿಂತು ಹಿಮ್ಮಡಿ ಎತ್ತಿ, ನಿಧಾನಕ್ಕೆ ಇಳಿಸಿ, ಹದಿನೈದರಂತೆ ಮೂರು ಸಲ. ಅರ್ಧ ಗಂಟೆ ಚುರುಕಾಗಿ ನಡೆದರೂ ನೋವಿಲ್ಲ ಅನ್ನುವ ದಿನ ಮೇಲಿನ ಬಯಲಿನಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಶುರು ಮಾಡಿ. ಇಳಿಯುವುದು ಮಾತ್ರ ಇನ್ನೂ ಎರಡು ತಿಂಗಳು ನಡಿಗೆಯೇ, ಚಿಕ್ಕ ಚಿಕ್ಕ ಹೆಜ್ಜೆ. ಶೂ ಎಷ್ಟು ಓಡಿದೆ? 500ರಿಂದ 800 ಕಿ.ಮೀ. ಆದ ಮೇಲೆ ಮೇಲೆ ಚೆನ್ನಾಗಿ ಕಂಡರೂ ಒಳಗಿನ ಮೆತ್ತೆ ಸತ್ತಿರುತ್ತದೆ. ನಿಮ್ಮದರಲ್ಲಿ ಟ್ರಕ್ಕು ಬೇರೆ ನಿಂತಿತ್ತು.

ಕಲ್ಲು ಹುಚ್ಚ · ಜೂನ್ 26, ರಾತ್ರಿ 11.40

ವಿಷಯಾಂತರಕ್ಕೆ ಬೈಯಬೇಡಿ. "ಈ ಊರಿನ ನೆಲ" ಅಂದಿರಲ್ಲ, ನೆಲ ನಿಜವಾಗಿಯೂ ಬೇರೆ. ಧಾರವಾಡದ ಕಡೆಯ ಕಲ್ಲು 250 ಕೋಟಿ ವರ್ಷಕ್ಕಿಂತ ಹಳೆಯದು. ಎಷ್ಟು ಹಳೆಯದು ಅಂದರೆ ಭೂವಿಜ್ಞಾನದಲ್ಲಿ ಆ ಕಲ್ಲಿಗೆ ಧಾರವಾಡದ್ದೇ ಹೆಸರು. ಪುಣೆಯದು ಲಾವಾ ಹರಿದು ಪದರ ಪದರವಾಗಿ ಗಟ್ಟಿಯಾದ ಬಸಾಲ್ಟ್, ಸುಮಾರು 6.6 ಕೋಟಿ ವರ್ಷದ್ದು. ಪದರ ಪದರ ಇರುವುದಕ್ಕೇ ಇಲ್ಲಿನ ಗುಡ್ಡಗಳ ತಲೆ ಸಪಾಟು, ಪಕ್ಕೆ ಕಡಿದು. ಬಸಾಲ್ಟ್ ಸವೆದು ಪುಡಿಯಾಗಿದ್ದನ್ನೇ ಇಲ್ಲಿ ಮುರುಮ್ ಅನ್ನೋದು. ನಿಮ್ಮ ಕಾಲಡಿ ಗೋಲಿ ಹಾಗೆ ಉರುಳಿದ್ದು ಅದೇ. ಕಾಲು ನೋವಿನ ಮೂಲ ಜ್ವಾಲಾಮುಖಿ.

ಕೋಥ್ರೂಡ್ ಕಾಕಾ · ಜೂನ್ 27, ಬೆಳಗ್ಗೆ 6.55

ಜ್ವಾಲಾಮುಖಿಯ ಮೇಲೆ ಹಾಕಬೇಡಪ್ಪ. ಅದು ಐದು ದಿನಕ್ಕೇ ಓಡು ಅಂತ ಹೇಳಿರಲಿಲ್ಲ.

ಮಂಡ್ಯ ಟು ಮಗರಪಟ್ಟಾ · ಜುಲೈ 14, ರಾತ್ರಿ 8.20

ಮಳೆ ಶುರುವಾಗಿ ನಾಲ್ಕು ದಿನದಿಂದ ಮನೆಯೊಳಗೇ ಕೂತಿದ್ದೇನೆ. ಮಳೆಗಾಲದಲ್ಲಿ ಎಲ್ಲರೂ ಏನು ಮಾಡುತ್ತೀರಿ?

ಔಂಧ್ ಅಕ್ಕ · ಜುಲೈ 14, ರಾತ್ರಿ 10.30

ನೆನೆಯೋದು. ಇನ್ನೇನು ಮಾಡೋದು? ಪುಣೆ ಮಳೆ ಮುಂಬಯಿ ಮಳೆ ಹಾಗೆ ಹೊಡೆಯೋದಿಲ್ಲ, ಸಣ್ಣಗೆ ಸುರಿಯುತ್ತಾ ಇರುತ್ತದೆ. ಟೋಪಿ ಇದ್ದರೆ ಸಾಕು, ಕಣ್ಣಿಗೆ ನೀರು ಬರೋದಿಲ್ಲ. ರೇನ್‌ಕೋಟ್ ಹಾಕಿ ಓಡಿದರೆ ಒಳಗಿನ ಬೆವರಿಗೇ ನೆನೆಯುತ್ತೀರಿ. ಮನೆಗೆ ಬಂದ ತಕ್ಷಣ ಶೂ ಒಳಗೆ ಹಳೆಯ ಪೇಪರ್ ಉಂಡೆ ತುರುಕಿಡಿ, ಸಂಜೆ ಒಮ್ಮೆ ಬದಲಿಸಿ. ಕಪ್ಪು ಬಂಡೆ ಮೇಲೆ ಪಾಚಿ ಕಟ್ಟಿರುತ್ತದೆ, ಅದರ ಮೇಲೆ ಕಾಲಿಡಬೇಡಿ, ಪಕ್ಕದ ಮಣ್ಣಿನಲ್ಲಿಡಿ. ಕ್ವಾರಿ ಅಂಚಿಗೆ ಹೋಗಿ ಸೆಲ್ಫಿ ಬೇಡ. ನದಿ ಪಕ್ಕದ ರಸ್ತೆಯೂ ಈಗ ಬೇಡ. ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಭಿಡೆ ಪೂಲ್ ಅನ್ನೋ ಸೇತುವೆ ಮುಳುಗುತ್ತದೆ, ಪ್ರತಿ ವರ್ಷದ ಕಥೆ.

ಮಳೆಗೆ ನಾಯಿಗಳು ಪಾರ್ಕಿಂಗ್ ಒಳಗೆ, ಮೆಟ್ಟಿಲ ಕೆಳಗೆ ಸೇರಿಕೊಂಡಿರುತ್ತವೆ. ಹತ್ತಿರ ಹೋದಾಗ ಓಟ ನಿಲ್ಲಿಸಿ ನಡೆಯಿರಿ. ಓಡುವವರನ್ನೇ ಅವು ಅಟ್ಟೋದು. ಕಚ್ಚಿದರೆ, ಚಿಕ್ಕ ಗೀರಾದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಏನೂ ಹಚ್ಚಬೇಡಿ.

5.12ರ ಲೋಕಲ್ · ಜುಲೈ 15, ಮಧ್ಯಾಹ್ನ 3.45

ಪುಣೆ ಮಳೆಯನ್ನು ಮಳೆ ಅಂತ ಕರೆಯುವವರನ್ನು ಒಂದು ವಾರ ಕುಂದಾಪುರಕ್ಕೆ ಕಳಿಸಬೇಕು.

ಕೆಲಗೇರಿ ಕೆರೆ · ಆಗಸ್ಟ್ 8, ರಾತ್ರಿ 9.05

ಎಲ್ಲರಿಗೂ ಒಂದು ಕಥೆ ಹೇಳಬೇಕು. ಕಾಕಾಗೆ ಮುಖ್ಯವಾಗಿ.

ಫಿಸಿಯೋ ಸರ್ ಹೇಳಿದ ಹಾಗೇ ಮಾಡಿದೆ. ಜುಲೈ ಪೂರ್ತಿ ನಡೆದೆ. ಹಿಮ್ಮಡಿ ಎತ್ತುವಾಗ ಮಗನೂ ಪಕ್ಕದಲ್ಲಿ ನಿಂತು ಎತ್ತುತ್ತಾನೆ, ಕುಕ್ಕರ್ ಎರಡನೇ ಸಲ ಕೂಗುವವರೆಗೆ. ಹೊಸ ಶೂ ತಗೊಂಡೆ. ಹಳೆಯದು ಕಾಯಂ ಗ್ಯಾರೇಜ್ ಆಯಿತು. ಕಳೆದ ವಾರದಿಂದ ಮೇಲಿನ ಬಯಲಿನಲ್ಲಿ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುತ್ತಿದ್ದೇನೆ. ಧಾರವಾಡದಲ್ಲಿ ಹೀಗೆ ಓಡುವವರನ್ನು ನೋಡಿ ನಾನೇ ನಗುತ್ತಿದ್ದೆ.

ಮೊನ್ನೆ ಗುರುವಾರ ಮಗನಿಗೆ ಜ್ವರ, ಹೋಗಲಿಲ್ಲ. ಶುಕ್ರವಾರ ಹೋದೆ. ಕಟ್ಟೆಯ ಹತ್ತಿರ ಬಂದಾಗ ಮಂಕಿ ಟೋಪಿ ಅಜ್ಜ ಛತ್ರಿ ಮಡಚುತ್ತಾ ನನ್ನನ್ನೇ ನೋಡಿ ಅಂದರು: "ಕಾಯ್ ಗ, ಕಾಲ್ ದಿಸ್ಲಿ ನಾಹೀಸ್?"

ನನ್ನ ಮರಾಠಿ ಇನ್ನೂ ತರಕಾರಿ ಅಂಗಡಿ ದಾಟಿಲ್ಲ. ಕಿವಿಗೆ ಬಿದ್ದಿದ್ದು ಒಂದೇ, "ಕಾಲ್". ಅಯ್ಯೋ, ನಾನು ಕುಂಟುತ್ತಿದ್ದದ್ದನ್ನು ಇವರು ಇಷ್ಟು ದಿನ ಗಮನಿಸಿದ್ದಾರೆ ಅಂದುಕೊಂಡೆ. ಬಲಗಾಲನ್ನು ಎತ್ತಿ, ಪ್ಯಾಂಟ್ ಸ್ವಲ್ಪ ಮೇಲೆ ಮಾಡಿ ತೋರಿಸಿ, "ಆತಾ ಬರಾ ಆಹೆ" ಅಂದೆ. ಈಗ ವಾಸಿ ಅಂತ.

ಅಜ್ಜ ನನ್ನ ಕಾಲು ನೋಡಿದರು. ನನ್ನ ಮುಖ ನೋಡಿದರು. ಪಕ್ಕದವರನ್ನು ನೋಡಿದರು. ನಾನು ಇನ್ನೂ ಒಂದೇ ಕಾಲಿನ ಮೇಲೆ ನಿಂತಿದ್ದೇನೆ.

ತುದಿಯಲ್ಲಿ ಕೂತಿದ್ದ ಅಜ್ಜ, ಎರಡು ತಿಂಗಳಿಂದ ಬಾಯಿ ಬಿಡದವರು, ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. "ಕಾಲ್ ಅಂದ್ರ ಕಾಲಲ್ಲವ್ವಾ, ನಿನ್ನಿ! ನಿನ್ನಿ ಯಾಕ ಕಾಣಲಿಲ್ಲ ಅಂತ ಕೇಳಾಕತ್ತಾನ ಅಂವಾ!" ಸೊಲ್ಲಾಪುರದವರಂತೆ. ಮನೆಯಲ್ಲಿ ಕನ್ನಡವೇ. ಎರಡು ತಿಂಗಳು ನಾನು ಅವರ ಎದುರಿಗೇ ಫೋನ್‌ನಲ್ಲಿ ಅಮ್ಮನ ಜೊತೆ "ಇಲ್ಲಿ ಯಾರೂ ಮಾತೇ ಆಡಂಗಿಲ್ಲ, ಮುದುಕರು ಸುಮ್ಮನ ನೋಡ್ಕೋತ ಕುಂತಿರ್ತಾರ" ಅಂತ ಹೇಳಿದ್ದು ಅವರಿಗೆ ಪೂರ್ತಿ ಅರ್ಥವಾಗಿದೆ.

ಇವತ್ತು ನಾನು ಬರುವಾಗ ನಾಲ್ಕೂ ಜನ ಒಟ್ಟಿಗೆ ತಮ್ಮ ತಮ್ಮ ಕಾಲು ಎತ್ತಿ ತೋರಿಸಿದರು.

ಔಂಧ್ ಅಕ್ಕ · ಆಗಸ್ಟ್ 8, ರಾತ್ರಿ 9.30

ಬಸ್ಸಿನಲ್ಲಿ ಓದಿ ಜೋರಾಗಿ ನಕ್ಕೆ, ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು. ಆ "ಕಾಲ್" ನನಗೂ ಒಂದು ಸಲ ಆಗಿದೆ, ಡಾಕ್ಟರ ಹತ್ತಿರ. ಅದನ್ನು ಇಲ್ಲಿ ಬರೆಯೋದಿಲ್ಲ.

ಸಾದಾ ಮಾತು · ಆಗಸ್ಟ್ 9, ಬೆಳಗ್ಗೆ 7.10

ಸರಿ, ಒಪ್ಪಿದೆ. ಆದರೆ ಡಿಸೆಂಬರ್ ಮ್ಯಾರಥಾನ್‌ನಲ್ಲಿ ಹತ್ತು ಕಿ.ಮೀ.ಗಾದರೂ ಹೆಸರು ಕೊಡಿ. ಆ ಜಿಮ್ ದುಡ್ಡು ವಾಪಸ್ ಬಂತಾ?

ಕೆಲಗೇರಿ ಕೆರೆ · ಆಗಸ್ಟ್ 9, ಬೆಳಗ್ಗೆ 7.25

ಬಂದಿಲ್ಲ. ಮಳೆ ಜೋರಿದ್ದ ದಿನ ಹೋಗಿ ಹಿಮ್ಮಡಿ ಎತ್ತಿ ಬರುತ್ತೇನೆ. ಅಷ್ಟು ದುಡ್ಡಿನ ಹಿಮ್ಮಡಿ ಪುಣೆಯಲ್ಲಿ ಯಾರೂ ಎತ್ತಿರಲಿಕ್ಕಿಲ್ಲ. ಹತ್ತು ಕಿ.ಮೀ. ನೋಡೋಣ, ಕಾಲು ಏನನ್ನುತ್ತದೋ. ಎರಡೂ ಅರ್ಥದಲ್ಲಿ.

ಕಾಕಾ, ಸಿಂಹಗಡದ ಕೋಟೆಗೆ ನೀವು ಭಾನುವಾರ ಹೋಗುತ್ತೀರಿ ಅಂತ ಸೊಲ್ಲಾಪುರದ ಅಜ್ಜ ಹೇಳಿದರು. ನಿಮ್ಮ ಗುರುತು ಹೇಗೆ ಅಂದರೆ, "ಬ್ಯಾಂಕಿನ್ಯಾಂವಾ, ಗೊತ್ತಿಲ್ಲೇನು" ಅಂದರು! ನಾನೂ, ಮನೆಯವರೂ ಬರಬಹುದಾ?

ಕೋಥ್ರೂಡ್ ಕಾಕಾ · ಆಗಸ್ಟ್ 9, ಬೆಳಗ್ಗೆ 9.00

ಆ ಕಟ್ಟೆಯ ಮೇಲೆ ಮೊದಲು ಐದು ಜನ ಕೂರುತ್ತಿದ್ದರು. ಮೊಣಕಾಲಿನ ದೆಸೆಯಿಂದ ನಾನೀಗ ವಾರಕ್ಕೆ ಒಂದೇ ಸಲ, ಅದೂ ಸಂಜೆ ಹತ್ತುತ್ತೇನೆ. ಅದಕ್ಕೇ ನಿನ್ನ ಕಣ್ಣಿಗೆ ಬಿದ್ದಿಲ್ಲ.

ಸಿಂಹಗಡ ಈ ಭಾನುವಾರ ಬೇಡ. ಮಳೆ ಜೋರಾದಾಗ ಘಾಟಿನಲ್ಲಿ ಗುಡ್ಡ ಜರಿಯುತ್ತದೆ, ಬುಡದ ಅತಕರವಾಡಿ ಹಳ್ಳಿಯಿಂದ ಹತ್ತುವ ದಾರಿಯೂ ಜಾರುತ್ತದೆ. ಸುಮಾರು 600 ಮೀಟರ್ ಏರು, ನಿನ್ನ ಕಾಲಿಗೂ ಇನ್ನೊಂದಷ್ಟು ದಿನ ಬೇಕು. ಅಕ್ಟೋಬರ್‌ನಲ್ಲಿ ಮಳೆ ಹಿಂದೆ ಸರಿದ ಮೇಲೆ ಹೋಗೋಣ. ನನ್ನ ಮೊಣಕಾಲಿಗೆ ಅತಕರವಾಡಿ ಆಗುವುದಿಲ್ಲ. ನೀವು ಹತ್ತಿ ಬನ್ನಿ, ನಾನು ಜೀಪಿನಲ್ಲಿ ಮೇಲೆ ಬಂದು ಕೂತಿರುತ್ತೇನೆ. ಸ್ವಾರಗೇಟ್‌ನಿಂದ ಬುಡದವರೆಗೆ ಪಿಎಂಪಿಎಂಎಲ್ ಅಂದರೆ ಪುಣೆಯ ಸಿಟಿ ಬಸ್ಸಿದೆ, ಮೊದಲ ಬಸ್ಸೇ ಹಿಡಿಯಬೇಕು, ಆಮೇಲೆ ಜಾತ್ರೆ. ಮೇಲೆ ಪಿಠಲ–ಭಾಕರಿ ಸಿಗುತ್ತದೆ. ಭಾಕರಿ ಅಂದರೆ ರೊಟ್ಟಿ. ಪಿಠಲ ಅಂದರೆ ಕಡಲೆ ಹಿಟ್ಟಿನ ನಮ್ಮ ಝುಣಕ, ಸ್ವಲ್ಪ ತೆಳು. ಮಡಕೆ ಮೊಸರು ಮಾತ್ರ ವಿಜಯಪುರದಲ್ಲೂ ಹಾಗೆ ಸಿಗುವುದಿಲ್ಲ.

ಮಗನನ್ನೂ ಕರೆದುಕೊಂಡು ಬಾ, ಟ್ರಕ್ಕು ಮನೆಯಲ್ಲಿ ಬಿಟ್ಟು. ಝುಣಕದ ದುಡ್ಡು ನನ್ನದು. ಮೊಸರಿಂದು ನೀವು ಕೊಡಿ, ನಾನು ಎರಡು ಮಡಕೆ ತಿನ್ನುತ್ತೇನೆ.